ಸಹಿ ಹಾಕಿ ಹೊರಡುವ ಯುವ ವೈದ್ಯರನ್ನು ಕೂರಿಸುವುದು ಹೇಗೆ?

ನಿರಂತರ ವೈದ್ಯಕೀಯ ಶಿಕ್ಷಣ, ಅಂದರೆ ವೈದ್ಯರೆಲ್ಲ ಸಿಎಂಇ ಎನ್ನುವ ಕಾರ್ಯಕ್ರಮಗಳ ಬಗ್ಗೆ ಓದುಗ ವೈದ್ಯರು ಕೇಳಿದ ಪ್ರಶ್ನೆಗಳಿಗೆ ನಮ್ಮ ವೈದ್ಯಕೀಯ ಶಿಕ್ಷಣ ತಜ್ಞರ ತಂಡ ಈ ಸಂಚಿಕೆಯಲ್ಲಿ ಉತ್ತರಿಸಿದೆ.

ಪ್ರಶ್ನೆ: ನಮ್ಮದು ಭಾರತೀಯ ವೈದ್ಯಕೀಯ ಸಂಘದ (ಐಎಂಎ) ತಾಲ್ಲೂಕು ಮಟ್ಟದ ಶಾಖೆ. ತಿಂಗಳಿಗೊಂದು ಭಾನುವಾರ ಸಿಎಂಇ ಇಡುತ್ತೇವೆ. ಮೂರು ಉಪನ್ಯಾಸ, ಒಂದೊಂದೂ 45 ನಿಮಿಷ. ಈಚೆಗೆ ಓದು ಮುಗಿಸಿ ಬಂದವರು ಸಹಿ ಹಾಕಿ ಹಿಂದಿನ ಸಾಲಲ್ಲಿ ಕೂತು ಮೊಬೈಲ್ ನೋಡುತ್ತಾರೆ, ಊಟದ ಹೊತ್ತಿಗೆ ಇರುವುದಿಲ್ಲ. ಏನು ಬದಲಿಸಬೇಕು?
— ಶಾಖಾ ಕಾರ್ಯದರ್ಶಿ, ಹಾವೇರಿ ಜಿಲ್ಲೆ

ಅವರಿಗೆ ಕಲಿಯುವ ಮನಸ್ಸಿಲ್ಲ ಎಂದು ದಯವಿಟ್ಟು ತೀರ್ಮಾನಿಸಬೇಡಿ. ಪಿಜಿ ಪ್ರವೇಶ ಪರೀಕ್ಷೆಗೆಂದು ಸಾವಿರಾರು ಪ್ರಶ್ನೆಗಳನ್ನು ಮೊಬೈಲ್‌ನಲ್ಲೇ ಬಿಡಿಸಿ, ತಪ್ಪಾದ ಪ್ರತಿಯೊಂದಕ್ಕೂ ಆ ಕ್ಷಣವೇ ವಿವರಣೆ ಓದಿ ಬಂದವರು ಅವರು. 2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯ ಆಧಾರಿತ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಓದಿದವರಿಗೆ ಸಣ್ಣ ಗುಂಪಿನ ಚರ್ಚೆ, ಕೌಶಲ ಪ್ರಯೋಗಾಲಯ, ಲಾಗ್‌ಬುಕ್ ಎಲ್ಲ ರೂಢಿಯಾಗಿದೆ. ಅಂಥವರನ್ನು ಎರಡು ಗಂಟೆಗೂ ಹೆಚ್ಚು ಹೊತ್ತು ಒಂದು ಮಾತೂ ಕೇಳದೆ ಕೂರಿಸಿದರೆ ಕೈ ತಾನಾಗಿ ಮೊಬೈಲ್‌ನತ್ತ ಹೋಗುತ್ತದೆ. ಇನ್ನೊಂದು ವಿಷಯ: ಬರೀ ಉಪನ್ಯಾಸದಿಂದ ಹಿರಿಯರ ಚಿಕಿತ್ಸಾ ಕ್ರಮವೂ ಬದಲಾಗುವುದಿಲ್ಲ. ಸಂಶೋಧಕ ಡೇವ್ ಡೇವಿಸ್ ಮತ್ತು ಸಂಗಡಿಗರು 1999ರಲ್ಲಿ ಸಿಎಂಇ ಕುರಿತ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕೇಳುಗರು ಏನಾದರೂ ಮಾಡುವ ಕಾರ್ಯಕ್ರಮಗಳಿಂದ ಮಾತ್ರ ವೈದ್ಯರ ನಡವಳಿಕೆಯಲ್ಲಿ ಬದಲಾವಣೆ ಕಂಡಿತ್ತು.

ಮೂರು ವಿಷಯ ಬಿಟ್ಟು ಒಂದನ್ನೇ ಆರಿಸಿ. ನಿಮ್ಮ ಭಾಗಕ್ಕೆ ಹಾವು ಕಡಿತ ಒಳ್ಳೆಯ ಆರಂಭ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಯುವ ವೈದ್ಯರೇ ಮೊದಲು ಕೈ ಹಾಕಬೇಕಾದ ಕೇಸೂ ಅದೇ.

ಮೂರು ದಿನ ಮೊದಲು ಎಂಟು ನಿಮಿಷದ ವಿಡಿಯೊ, ಎರಡು ಪುಟದ ಟಿಪ್ಪಣಿ ಕಳಿಸಿ. ಯಾರೂ ನೋಡುವುದಿಲ್ಲ ಎಂಬ ದೂರು ಎಲ್ಲ ಕಡೆಯೂ ಇದೆ. ಕಾರಣ ಇಷ್ಟೇ: ಬಂದ ತಜ್ಞರು ವಿಡಿಯೊದಲ್ಲಿದ್ದುದನ್ನೇ ಮತ್ತೆ ಹೇಳುತ್ತಾರೆ. ಮುಂಚೆ ನೋಡಿ ಬಂದವರಿಗೆ ಬೇಸರ, ನೋಡದವರಿಗೆ ನಷ್ಟವಿಲ್ಲ. ಆದ್ದರಿಂದ ಸಭೆಯಲ್ಲಿ ಅದನ್ನು ಪುನಃ ಹೇಳುವುದೇ ಇಲ್ಲವೆಂದು ತಜ್ಞರ ಜತೆ ಮೊದಲೇ ಮಾತಾಡಿಕೊಳ್ಳಿ.

ಎರಡು ಗಂಟೆಯನ್ನು ಹೀಗೆ ಹಂಚಬಹುದು. ಮೊದಲ ಹತ್ತು ನಿಮಿಷ ಐದು ಪ್ರಶ್ನೆ, ಮೊಬೈಲ್‌ನಲ್ಲಿ ಹೆಸರಿಲ್ಲದ ಉತ್ತರ. ಸ್ವಾಗತ ಭಾಷಣ, ಹಾರ-ಶಾಲು ಕೊನೆಗಿರಲಿ. ಆಮೇಲೆ 40 ನಿಮಿಷ ಒಂದೇ ಕೇಸು, ಐದಾರು ಜನರ ಗುಂಪು, ಮೂರು ಕಡೆ ನಿಲುಗಡೆ: ರೋಗಿ ಬಂದಾಗ, ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) ಶುರುವಾದ 15 ನಿಮಿಷಕ್ಕೆ ಮೈ ತುರಿಕೆ ಬಂದು ಬಿಪಿ ಇಳಿದಾಗ, ಆರು ಗಂಟೆಯ ನಂತರ ರಕ್ತ ಇನ್ನೂ ಹೆಪ್ಪುಗಟ್ಟದೆ ಇದ್ದಾಗ. ಪ್ರತಿ ನಿಲುಗಡೆಯಲ್ಲೂ ಚರ್ಚೆಗೆ ಮೊದಲು ಒಬ್ಬೊಬ್ಬರೂ ತಮ್ಮ ನಿರ್ಧಾರವನ್ನು ಚೀಟಿಯಲ್ಲಿ ಬರೆಯಬೇಕು. ಬರೆಯದಿದ್ದರೆ, ಹಿರಿಯರು ಬಾಯಿಬಿಟ್ಟ ಕೂಡಲೇ ಉಳಿದವರೆಲ್ಲ ‘ಸರ್ ಹೇಳಿದ್ದೇ ಸರಿ’ ಎಂದು ಸುಮ್ಮನಾಗುತ್ತಾರೆ. ನಮ್ಮ ಕಡೆ ಸಣ್ಣ ಗುಂಪಿನ ಚರ್ಚೆ ಸೋಲುವುದು ಹೆಚ್ಚಾಗಿ ಇಲ್ಲೇ. ಮಾತಿನ ಸರದಿ ಗುಂಪಿನ ಅತಿ ಕಿರಿಯರಿಂದ ಶುರುವಾಗಲಿ. ಇದನ್ನು ಅಧ್ಯಕ್ಷರೇ ಸಭೆಯಲ್ಲಿ ಹೇಳಿದರೆ ಯಾರಿಗೂ ಮುಜುಗರವಿಲ್ಲ.

ತಜ್ಞರಿಗೆ 15 ನಿಮಿಷ ಸಾಕು. ಮೊದಲ ಐದು ಪ್ರಶ್ನೆಗಳಲ್ಲಿ ಸಭೆ ಎಲ್ಲಿ ಎಡವಿತೋ ಅದರ ಬಗ್ಗೆ ಮಾತ್ರ ಅವರು ಮಾತಾಡಲಿ.

ಮುಂದಿನ 45 ನಿಮಿಷ ಕೈಕೆಲಸ, ಮೂರು ಮೇಜು. ಒಂದರಲ್ಲಿ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ: ರೋಗಿಯ ರಕ್ತ ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಎಂದು ತಿಳಿಯುತ್ತಾರೆ. ಒಪ್ಪಿದ ಒಬ್ಬ ಆರೋಗ್ಯವಂತ ಸದಸ್ಯರಿಂದ ಆರು ಮಿ.ಲೀ. ರಕ್ತ ತೆಗೆದು ಎರಡೆರಡು ಮಿ.ಲೀ.ನಂತೆ ಮೂರು ಟ್ಯೂಬಿಗೆ ಹಾಕಿ: ಒಂದು ಹೊಸ, ಒಣಗಿದ ಗಾಜಿನದು, ಇನ್ನೊಂದು ಡಿಟರ್ಜೆಂಟ್‌ನಲ್ಲಿ ತೊಳೆದ ಗಾಜಿನದು, ಮೂರನೆಯದು ಪ್ಲಾಸ್ಟಿಕ್ಕಿನದು. ಅಲುಗಿಸದೆ 20 ನಿಮಿಷ ಬಿಟ್ಟು, ಆಮೇಲೆ ಒಂದೇ ಸಲ ಓರೆ ಮಾಡಿ ನೋಡಿ. ಮೊದಲನೆಯದರಲ್ಲಿ ರಕ್ತ ಗಟ್ಟಿಯಾಗಿರುತ್ತದೆ. ಉಳಿದೆರಡರಲ್ಲಿ ತಡವಾಗಬಹುದು ಅಥವಾ ಹೆಪ್ಪುಗಟ್ಟದೆಯೂ ಇರಬಹುದು, ಏಕೆಂದರೆ ಹೆಪ್ಪುಗಟ್ಟುವ ಕ್ರಿಯೆಯನ್ನು ಚುರುಕುಗೊಳಿಸುವುದು ಗಾಜಿನ ಶುದ್ಧ ಮೇಲ್ಮೈ. ಡಿಟರ್ಜೆಂಟಿನ ಪಸೆ ಅದನ್ನು ಮುಚ್ಚಿಬಿಡುತ್ತದೆ, ಪ್ಲಾಸ್ಟಿಕ್ಕಿಗೆ ಆ ಗುಣವೇ ಇಲ್ಲ. ವಿಷವೇ ಏರದ ರೋಗಿಗೆ ಸುಮ್ಮನೆ ಎಎಸ್‌ವಿ ಹೋಗುವುದು ಇಂಥ ಟ್ಯೂಬಿನಿಂದಲೇ. ಇದನ್ನು ಕಣ್ಣಾರೆ ಕಂಡವರು ಮುಂದೆ ಟ್ಯೂಬು ನೋಡದೆ ಪರೀಕ್ಷೆ ಮಾಡುವುದಿಲ್ಲ.

ಎರಡನೇ ಮೇಜಿನಲ್ಲಿ, ಎಎಸ್‌ವಿಗೆ ತೀವ್ರ ರಿಯಾಕ್ಷನ್ ಆದಾಗ ಕೊಡುವ ಅಡ್ರಿನಲಿನ್. ಒಂದು ಮಿ.ಲೀ.ನಲ್ಲಿ ಒಂದು ಮಿ.ಗ್ರಾಂ ಇರುವ ಆಂಪ್ಯೂಲ್ ಒಡೆದು, 0.5 ಮಿ.ಲೀ. ಎಳೆದು, ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ ಕೊಡುವುದನ್ನು ಪ್ಯಾಡ್ ಮೇಲೆ ಅಭ್ಯಾಸ ಮಾಡಿಸಿ. ಇಲ್ಲಿ ಹೆಚ್ಚಾಗಿ ಕಾಣುವ ತಪ್ಪು, ಮೊದಲು ಅವಿಲ್ (ಅಲರ್ಜಿ ಔಷಧ), ಹೈಡ್ರೊಕಾರ್ಟಿಸೋನ್ (ಸ್ಟಿರಾಯ್ಡ್) ಕೊಟ್ಟು ಕಾಯುವುದು. ಬಿಪಿ ಇಳಿದ ರೋಗಿಗೆ ಅವೆರಡೂ ಅಡ್ರಿನಲಿನ್ನಿನ ಬದಲಿಯಲ್ಲ. ಮೂರನೇ ಮೇಜಿನಲ್ಲಿ ಬ್ಯಾಗ್-ಮಾಸ್ಕ್ ಉಸಿರಾಟ.

ಕೊನೆಯ ಹತ್ತು ನಿಮಿಷ: ನಾಳೆಯಿಂದ ತಮ್ಮ ಆಸ್ಪತ್ರೆಯಲ್ಲಿ ಬದಲಿಸುವ ಒಂದು ಸಂಗತಿಯನ್ನು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದು ನಿಮಗೆ ಕೊಡಬೇಕು. ಒಂದು ತಿಂಗಳಾದ ಮೇಲೆ ಅವರವರ ಚೀಟಿಯ ಫೋಟೊ ಅವರವರಿಗೇ ಕಳಿಸಿ, ‘ಆಯಿತೇ? ಯಾವುದು ಅಡ್ಡ ಬಂತು?’ ಎಂದು ಕೇಳಿ.

ಪ್ರಶ್ನೆ: ಕೆಲವರು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಕೆಲವರು ಮಾಡಿ ಕಲಿಯುವವರು ಎನ್ನುತ್ತಾರೆ. ನೋಂದಣಿ ಫಾರಂನಲ್ಲೇ ಇದನ್ನು ಕೇಳಿ ಬೇರೆ ಬೇರೆ ತಂಡ ಮಾಡಬಹುದೇ?
— ಸಹಾಯಕ ಪ್ರಾಧ್ಯಾಪಕಿ, ವೈದ್ಯಕೀಯ ಕಾಲೇಜು, ಕಲಬುರಗಿ

ಬೇಡ ಮೇಡಂ. ಮನೋವಿಜ್ಞಾನಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ಈ ವಾದಕ್ಕಿರುವ ಪುರಾವೆಗಳನ್ನೆಲ್ಲ ಜಾಲಾಡಿ, ಶೈಲಿಗೆ ತಕ್ಕ ಪಾಠ ಹೇಳಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದು ತೋರಿಸಿದರು. ಹೃದಯದ ಮರ್ಮರ ಶಬ್ದವನ್ನು ಎಲ್ಲರೂ ಕೇಳಿಯೇ ಕಲಿಯಬೇಕು, ಇಸಿಜಿಯನ್ನು ನೋಡಿಯೇ ಕಲಿಯಬೇಕು. ಮಾಧ್ಯಮ ಯಾವುದೆಂದು ವಿಷಯವೇ ಹೇಳುತ್ತದೆ.

ಯುವ ವೈದ್ಯರ ಇಷ್ಟಕ್ಕೆ ಧಾರಾಳವಾಗಿ ಬಿಡಬೇಕಾದುದು ವೇಳೆ, ಅವಧಿ, ಸ್ಥಳ, ಸಾಧನ. ಬಿಡಬಾರದ್ದು ಅಭ್ಯಾಸದ ಶ್ರಮ. 2019ರಲ್ಲಿ ಹಾರ್ವರ್ಡ್‌ನ ಭೌತವಿಜ್ಞಾನ ತರಗತಿಗಳಲ್ಲಿ ನಡೆದ ಪ್ರಯೋಗದಲ್ಲಿ, ತಾವೇ ಸಮಸ್ಯೆ ಬಿಡಿಸಿದ ವಿದ್ಯಾರ್ಥಿಗಳು ಸೊಗಸಾದ ಉಪನ್ಯಾಸ ಕೇಳಿದವರಿಗಿಂತ ಹೆಚ್ಚು ಕಲಿತಿದ್ದರು, ಆದರೆ ಕಡಿಮೆ ಕಲಿತೆವೆಂದೇ ಅವರಿಗೆ ಅನಿಸಿತ್ತು. ಹಾಗಾಗಿ ‘ಕಾರ್ಯಕ್ರಮ ಹೇಗಿತ್ತು?’ ಎಂಬ ಫೀಡ್‌ಬ್ಯಾಕ್ ಫಾರಂ ಒಂದನ್ನೇ ನಂಬಿ ಮುಂದಿನ ಸಿಎಂಇ ರೂಪಿಸಿದರೆ ದಾರಿ ತಪ್ಪುತ್ತದೆ.

ಪ್ರಶ್ನೆ: ನಾನು ಪಿಎಚ್‌ಸಿಯಲ್ಲಿ ಒಬ್ಬನೇ ವೈದ್ಯ. ಭಾನುವಾರವೂ ಊರು ಬಿಡಲಾಗುವುದಿಲ್ಲ. ರಾತ್ರಿ ವೈದ್ಯಕೀಯ ವಿಡಿಯೊಗಳನ್ನು ಎರಡು ಪಟ್ಟು ವೇಗದಲ್ಲಿ ನೋಡುತ್ತೇನೆ. ತಿಂಗಳಾದ ಮೇಲೆ ಏನೂ ನೆನಪಿರುವುದಿಲ್ಲ. ವೇಗದ ತಪ್ಪೇ?
— ವೈದ್ಯಾಧಿಕಾರಿ, ಚಾಮರಾಜನಗರ ಜಿಲ್ಲೆ

ವೇಗದ ತಪ್ಪಲ್ಲ. 2021ರಲ್ಲಿ ಪ್ರಕಟವಾದ, ಕಾಲೇಜು ವಿದ್ಯಾರ್ಥಿಗಳ ಮೇಲಿನ ಒಂದು ಅಮೆರಿಕನ್ ಅಧ್ಯಯನದಲ್ಲಿ ಎರಡು ಪಟ್ಟು ವೇಗದವರೆಗೆ ಗ್ರಹಿಕೆಗೆ ಹೆಚ್ಚಿನ ಪೆಟ್ಟು ಬಿದ್ದಿರಲಿಲ್ಲ. ನೋಡಿದ್ದನ್ನು ನೀವು ಮತ್ತೆ ನೆನಪಿನಿಂದ ಹೊರಗೆಳೆಯುತ್ತಿಲ್ಲ ಎಂಬುದೇ ಕೊರತೆ.

ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡಗ್ಲಸ್ ಲಾರ್ಸನ್ ತಂಡ 2009ರಲ್ಲಿ ಪ್ರಕಟಿಸಿದ ಪ್ರಯೋಗ ನಿಮ್ಮಂಥವರಿಗೇ ಹೇಳಿ ಮಾಡಿಸಿದಂತಿದೆ. ಮಕ್ಕಳ ವಿಭಾಗ ಮತ್ತು ತುರ್ತು ಚಿಕಿತ್ಸಾ ವಿಭಾಗದ ರೆಸಿಡೆಂಟ್ ವೈದ್ಯರಿಗೆ ಎರಡು ವಿಷಯ ಕಲಿಸಿದರು: ನಿಲ್ಲದ ಅಪಸ್ಮಾರ ಮತ್ತು ಸ್ನಾಯುಗಳು ಬಲಗುಂದುವ ಮಯಸ್ತೇನಿಯಾ ಗ್ರಾವಿಸ್. ಒಂದು ವಿಷಯಕ್ಕೆ ಪರೀಕ್ಷೆ, ಇನ್ನೊಂದಕ್ಕೆ ಓದಲು ಸಾರಾಂಶದ ಹಾಳೆ. ಪಾಠವಾದ ಕೂಡಲೇ ಒಂದು ಸಲ, ಮುಂದೆ ಸುಮಾರು ಎರಡು ವಾರಗಳ ಅಂತರದಲ್ಲಿ ಎರಡು ಸಲ. ಆರು ತಿಂಗಳ ನಂತರ, ಪರೀಕ್ಷೆ ಬರೆದು ಕಲಿತ ವಿಷಯದಲ್ಲಿ ಸರಾಸರಿ ಅಂಕ ಶೇ 39, ಬರೀ ಓದಿದ ವಿಷಯದಲ್ಲಿ ಶೇ 26.

ನೀವು ಮಾಡಬಹುದಾದದ್ದು: ಒಂದು ವಿಡಿಯೊ ಹತ್ತು ನಿಮಿಷ ಮೀರದಿರಲಿ. ಮುಗಿದ ಕೂಡಲೇ ಫೋನ್ ಮಗುಚಿಟ್ಟು, ಔಷಧ, ಡೋಸ್, ಯಾವಾಗ ರೆಫರ್ ಮಾಡಬೇಕು, ಈ ಮೂರನ್ನು ಕಾಗದದ ಮೇಲೆ ನೆನಪಿನಿಂದ ಬರೆಯಿರಿ. ಆಮೇಲೆ ತಾಳೆ ನೋಡಿ. ತಪ್ಪಿದ್ದನ್ನು ಮಾತ್ರ ಪ್ರಶ್ನೆಯ ರೂಪದಲ್ಲಿ ಆಂಕಿಯಂಥ ಕಾರ್ಡ್ ಆ್ಯಪ್‌ಗೆ ಸೇರಿಸಿ. ದಿನಕ್ಕೆ ಐದು ಹೊಸ ಕಾರ್ಡ್ ಮೀರಬೇಡಿ. ಉತ್ಸಾಹದಲ್ಲಿ ಮೂವತ್ತು ಹಾಕಿದರೆ ಎರಡು ವಾರಕ್ಕೆ ಹಳೆಯ ಕಾರ್ಡುಗಳೇ ನೂರಾರು ಬಂದು ಕೂರುತ್ತವೆ. ಜನ ಆ್ಯಪ್ ಅಳಿಸಿಹಾಕುವುದು ಆಗಲೇ. ಒಂದು ಕಾರ್ಡಿಗೆ ಒಂದೇ ಉತ್ತರವಿರಲಿ.

ಒಬ್ಬಂಟಿಯಾಗಿರುವ ನಿಮಗೆ ವಿಡಿಯೊಗಿಂತ ಹೆಚ್ಚು ಬೇಕಾದುದು ನಿಮ್ಮದೇ ಕೇಸುಗಳ ಮಾತುಕತೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ ಹೆಪಟೈಟಿಸ್ ಸಿ ಚಿಕಿತ್ಸೆಗಾಗಿ ಆರಂಭಿಸಿದ ‘ಎಕೊ’ ಮಾದರಿ ಇದೇ: ತಜ್ಞರು ಒಂದೆಡೆ, ಹಳ್ಳಿಯ ವೈದ್ಯರು ಹಲವೆಡೆ, ವಿಡಿಯೊ ಕರೆಯಲ್ಲಿ ಚಿಕ್ಕದೊಂದು ಪಾಠ, ಉಳಿದ ಹೊತ್ತೆಲ್ಲ ವೈದ್ಯರು ತಂದ ಕೇಸು. ಅಲ್ಲಿನ ಹಳ್ಳಿ ವೈದ್ಯರ ರೋಗಿಗಳು ವಿಶ್ವವಿದ್ಯಾಲಯದ ಆಸ್ಪತ್ರೆಯ ರೋಗಿಗಳಷ್ಟೇ ಪ್ರಮಾಣದಲ್ಲಿ ಗುಣವಾದರೆಂಬುದು 2011ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದೇ ಮಾದರಿಯಲ್ಲಿ ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸೆಯ ತರಬೇತಿ ನಡೆಸುತ್ತಿದೆ. ಅದಕ್ಕೆ ಸೇರಿಕೊಳ್ಳಿ. ಕೇಸು ಮಂಡಿಸುವ ಸರದಿ ಬಂದಾಗ ಹಿಂದೆ ಸರಿಯಬೇಡಿ, ಹೆಚ್ಚು ಕಲಿಯುವುದು ಮಂಡಿಸಿದವರೇ.

ಪ್ರಶ್ನೆ: ಯುವ ವೈದ್ಯರಿಗಾಗಿ ವಾಟ್ಸ್‌ಆ್ಯಪ್‌ನಲ್ಲಿ ದಿನಕ್ಕೊಂದು ಎಂಸಿಕ್ಯೂ (ಬಹು ಆಯ್ಕೆಯ ಪ್ರಶ್ನೆ) ಹಾಕುತ್ತೇವೆ. ಮೊದಲ ವಾರ ಎಲ್ಲರೂ ಉತ್ತರಿಸಿದರು, ಈಗ ಮೂರ್ನಾಲ್ಕು ಜನ. ಗುಂಪಿನ ತುಂಬ ಗುಡ್ ಮಾರ್ನಿಂಗ್ ಚಿತ್ರಗಳು. ಏನು ಮಾಡಲಿ?
— ಫಿಸಿಶಿಯನ್, ಪುತ್ತೂರು

ಮೊದಲು ಗುಂಪಿನ ಸೆಟ್ಟಿಂಗ್ ಬದಲಿಸಿ, ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕುವಂತೆ ಮಾಡಿ. ಚರ್ಚೆಗೆ ಬೇರೆ ಗುಂಪು ಇರಲಿ. ಉತ್ತರ ಬರುವುದು ಗೂಗಲ್ ಫಾರಂನಂಥ ಕಡೆ, ಹೆಸರು ಇತರರಿಗೆ ಕಾಣದಂತೆ ಇರಲಿ. ತಪ್ಪು ಉತ್ತರ ಎಲ್ಲರೆದುರು ಬಯಲಾಗುತ್ತದೆಂಬ ಅಳುಕಿಗೇ ಅರ್ಧ ಜನ ಸುಮ್ಮನಿರುತ್ತಾರೆ.

ದಿನಕ್ಕೊಂದು ಬೇಡ, ವಾರಕ್ಕೆ ಎರಡು ಸಾಕು. ಸಿಎಂಇ ನಡೆದ ವಿಷಯದ ಮೇಲೆಯೇ ಇರಲಿ: ಎರಡನೇ ದಿನ, ಏಳನೇ ದಿನ, ಮೂವತ್ತನೇ ದಿನ. ಇವು ಕಲ್ಲಿನಲ್ಲಿ ಕೆತ್ತಿದ ಅಂತರಗಳಲ್ಲ, ಸ್ವಲ್ಪ ಮರೆತ ಮೇಲೆ ಕೇಳಬೇಕು ಎಂಬುದು ಮುಖ್ಯ. ಮೂವತ್ತನೇ ದಿನ ಅದೇ ಪ್ರಶ್ನೆ ಹಾಕಬೇಡಿ, ಅದೇ ಅಂಶವನ್ನು ಬೇರೆ ರೋಗಿಯ ಮೂಲಕ ಕೇಳಿ. ಡ್ಯೂಟಿ ಬದಲಾಗುವ ಬೆಳಗಿನ ಎಂಟು ಗಂಟೆ ಬಿಟ್ಟು ರಾತ್ರಿ ಒಂಬತ್ತಕ್ಕೆ ಕಳಿಸಿ, ಉತ್ತರ ಕೊಟ್ಟ ತಕ್ಷಣ ವಿವರಣೆ ಕಾಣಲಿ. ಮರುದಿನದ ವಿವರಣೆಯನ್ನು ಯಾರೂ ಓದುವುದಿಲ್ಲ.

ಇನ್ನು ಪ್ರಶ್ನೆಯ ಗುಣ. ‘ಕಟ್ಟು ಹಾವಿನ ವಿಷ ಯಾವ ಬಗೆಯದು?’ ಎಂಬುದಕ್ಕೆ ಗೂಗಲ್ ಉತ್ತರಿಸುತ್ತದೆ. ಇದನ್ನು ನೋಡಿ: ಬೆಳಗಿನ ಜಾವ ಐದು ಗಂಟೆ. ನೆಲದ ಮೇಲೆ ಮಲಗಿದ್ದ 34 ವರ್ಷದ ತೋಟದ ಕಾರ್ಮಿಕರಿಗೆ ಹೊಟ್ಟೆನೋವು, ರೆಪ್ಪೆ ಎತ್ತಲಾಗುತ್ತಿಲ್ಲ, ಮಾತು ತೊದಲುತ್ತಿದೆ. ಕಚ್ಚಿದ ಗುರುತಿಲ್ಲ. 20 ನಿಮಿಷದ ಪರೀಕ್ಷೆಯಲ್ಲಿ ರಕ್ತ ಹೆಪ್ಪುಗಟ್ಟಿದೆ. ಮುಂದೇನು? ಒಂದು, ಗ್ಯಾಸ್ಟ್ರೈಟಿಸ್ ಎಂದು ಇಂಜೆಕ್ಷನ್ ಕೊಟ್ಟು ಕಳಿಸುವುದು. ಎರಡು, ರಕ್ತ ಸರಿಯಿದೆ, ಆರು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಿ ಎಎಸ್‌ವಿ ನಿರ್ಧರಿಸುವುದು. ಮೂರು, ಎಎಸ್‌ವಿ ಹತ್ತು ವಯಲ್ ಶುರುಮಾಡಿ, ಉಸಿರಾಟಕ್ಕೆ ನೆರವು ಸಿದ್ಧವಿಟ್ಟುಕೊಳ್ಳುವುದು. ನಾಲ್ಕು, ರಿಯಾಕ್ಷನ್ ಆಗುತ್ತದೆಯೇ ಎಂದು ನೋಡಲು ಮೊದಲು ಸ್ವಲ್ಪ ಎಎಸ್‌ವಿ, ಅಂದರೆ ಟೆಸ್ಟ್ ಡೋಸ್, ಕೊಡುವುದು.

ಸರಿ ಉತ್ತರ ಮೂರನೆಯದು. ಉಳಿದ ಒಂದೊಂದೂ ಆಸ್ಪತ್ರೆಗಳಲ್ಲಿ ನಿಜಕ್ಕೂ ಆಗುವ ತಪ್ಪು: ಕಟ್ಟು ಹಾವಿನ ಕಡಿತ ಹೊಟ್ಟೆನೋವಾಗಿ ಬರುವುದು ಗೊತ್ತಿಲ್ಲದ್ದು, ನರವಿಷಕ್ಕೆ ರಕ್ತ ಪರೀಕ್ಷೆಯನ್ನು ನೆಚ್ಚಿ ಕೂರುವುದು, ಯಾರಿಗೆ ರಿಯಾಕ್ಷನ್ ಆಗುತ್ತದೆಂದು ಹೇಳಲಾರದ ಟೆಸ್ಟ್ ಡೋಸ್. ತಪ್ಪು ಆಯ್ಕೆಗಳನ್ನು ಹೀಗೆ ವಾರ್ಡಿನಿಂದ ಹೆಕ್ಕಿದರೆ, ಯಾರು ಯಾವುದನ್ನು ಒತ್ತಿದರು ಎಂಬುದೇ ಮುಂದಿನ ಸಿಎಂಇಗೆ ವಿಷಯ ಕೊಡುತ್ತದೆ. ನಿಮ್ಮ ಘಟ್ಟದ ಬುಡಕ್ಕೆ ಇನ್ನೂ ಒಂದು ಪ್ರಶ್ನೆ ಬೇಕೇ ಬೇಕು: ಹಂಪ್-ನೋಸ್ಡ್ ಪಿಟ್ ವೈಪರ್ ಕಚ್ಚಿದವರಿಗೆ ಎಎಸ್‌ವಿ ಮೇಲೆ ಎಎಸ್‌ವಿ ಕೊಟ್ಟರೂ ಪ್ರಯೋಜನವಿಲ್ಲ. ನಮ್ಮ ಎಎಸ್‌ವಿ ತಯಾರಾಗುವುದು ನಾಗರಹಾವು, ಕಟ್ಟು ಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೆ ಮಾತ್ರ.

ಫೋಟೊಗಳ ವಿಷಯದಲ್ಲಿ ಬಿಗಿಯಾಗಿರಿ. ಮುಖ ಮರೆಮಾಡಿ ಎಕ್ಸ್‌ರೇ ಮೂಲೆಯ ಹೆಸರು, ಐಪಿ ನಂಬರನ್ನು ಹಾಗೇ ಬಿಡುವುದು ಸಾಮಾನ್ಯ. ರೋಗಿಯ ಲಿಖಿತ ಒಪ್ಪಿಗೆ ಇಲ್ಲದ ಚಿತ್ರ ಗುಂಪಿಗೆ ಬರಬಾರದು. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರ ಕಾನೂನೂ ಇದೆ.

ಪ್ರಶ್ನೆ: ಆನ್‌ಲೈನ್ ತರಗತಿಗಳಿಗೆ ಕ್ರೆಡಿಟ್ ಸಿಗುತ್ತದೆಯೇ? ಔಷಧ ಕಂಪನಿ ಖರ್ಚು ಕೊಡುತ್ತೇನೆಂದರೆ ಒಪ್ಪಬಹುದೇ?
— ಮಕ್ಕಳ ತಜ್ಞರು, ದಾವಣಗೆರೆ

ಐದು ವರ್ಷಕ್ಕೆ 30 ಗಂಟೆ ಸಿಎಂಇ ಎಂಬುದು 2002ರ ವೃತ್ತಿ ನಡವಳಿಕೆ ನಿಯಮಾವಳಿಯಲ್ಲೇ ಇದೆ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ನವೀಕರಣಕ್ಕೂ 30 ಕ್ರೆಡಿಟ್ ಗಂಟೆ ಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಹೊಸ ನಿಯಮಗಳನ್ನು ಅದೇ ತಿಂಗಳು ತಡೆಹಿಡಿಯಿತು, ಅವುಗಳ ಅಂಶಗಳನ್ನು ಜಾರಿಯಲ್ಲಿವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆನ್‌ಲೈನ್ ಆಗಲಿ ಸಭಾಂಗಣವಾಗಲಿ, ಆ ಕಾರ್ಯಕ್ರಮಕ್ಕೆ ಪರಿಷತ್ತಿನ ಮಾನ್ಯತೆ ಸಿಕ್ಕಿದೆಯೇ, ಎಷ್ಟು ಗಂಟೆಗೆ ಎಂದು ಹಣ ಕಟ್ಟುವ ಮೊದಲೇ ಆಯೋಜಕರಿಂದ ಬರಹದಲ್ಲಿ ಕೇಳಿ ಪಡೆಯಿರಿ. ಆಯೋಜಕರು ನೀವೇ ಆದರೆ, ಗುಂಪು ಚರ್ಚೆ ಮತ್ತು ಕೈಕೆಲಸದ ವೇಳೆಯನ್ನೂ ಅರ್ಜಿಯ ವೇಳಾಪಟ್ಟಿಯಲ್ಲಿ ನಿಮಿಷ ಸಮೇತ, ಹೊಣೆ ಹೊತ್ತ ಬೋಧಕರ ಹೆಸರಿನೊಂದಿಗೆ ತೋರಿಸಿ. ಬರೀ ‘ಕಾರ್ಯಾಗಾರ’ ಎಂದು ಬರೆದರೆ ಅದು ಯಾವ ಲೆಕ್ಕಕ್ಕೆ ಎಂಬ ಪ್ರಶ್ನೆ ಏಳುತ್ತದೆ.

ಕಂಪನಿಗಳ ಮಟ್ಟಿಗೆ 2024ರ ಮಾರ್ಚ್‌ನ ಔಷಧ ಮಾರಾಟ ಸಂಹಿತೆ ಜಾರಿಯಲ್ಲಿದೆ. ವಿದೇಶದಲ್ಲಿ ಸಿಎಂಇ ನಡೆಸುವಂತಿಲ್ಲ, ವೈದ್ಯರಿಗೆ, ಅವರ ಕುಟುಂಬಕ್ಕೆ ಉಡುಗೊರೆ ಕೊಡುವಂತಿಲ್ಲ, ಕಾರ್ಯಕ್ರಮದ ಖರ್ಚಿನ ವಿವರವನ್ನು ಕಂಪನಿ ತನ್ನ ವೆಬ್‌ಸೈಟಿನಲ್ಲಿ ಪ್ರಕಟಿಸಬೇಕು. ನಮ್ಮ ಸಲಹೆ ಇನ್ನೂ ಬಿಗಿ: ವಿಷಯ, ಬೋಧಕರು, ಪ್ರಶ್ನೆಗಳ ಆಯ್ಕೆಯಲ್ಲಿ ಕಂಪನಿಗೆ ಪಾತ್ರವೇ ಇರಬಾರದು. ಮೇಲೆ ಹೇಳಿದ ಹಾವು ಕಡಿತದ ಕಾರ್ಯಕ್ರಮಕ್ಕೆ ಬೇಕಾದುದು ಗಾಜಿನ ಟ್ಯೂಬು, ಸಿರಿಂಜು, ಆಂಪ್ಯೂಲು, ಎರವಲು ಮ್ಯಾನಿಕಿನ್ (ಅಭ್ಯಾಸದ ಬೊಂಬೆ) ಮತ್ತು ಊಟ. ಶಾಖೆಯ ಸದಸ್ಯರ ಶುಲ್ಕದಲ್ಲೇ ಇದು ನಡೆಯುತ್ತದೆ.

ಪ್ರಶ್ನೆ: ಇಷ್ಟೆಲ್ಲ ಬದಲಿಸಿದ ಮೇಲೆ, ಉಪಯೋಗವಾಯಿತೆಂದು ತಿಳಿಯುವುದು ಹೇಗೆ?
— ತಾಲ್ಲೂಕು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿ, ಶಿವಮೊಗ್ಗ ಜಿಲ್ಲೆ

ಕೇಸ್‌ಶೀಟುಗಳನ್ನು ತೆರೆದು ನೋಡಿ. ಸಿಎಂಇಗೆ ಹಿಂದಿನ 20 ಹಾವು ಕಡಿತದ ಕೇಸ್‌ಶೀಟು, ನಂತರದ 20. ನಾಲ್ಕೇ ಅಂಶ ಎಣಿಸಿ: 20 ನಿಮಿಷದ ಪರೀಕ್ಷೆ ಮಾಡಿದ ವೇಳೆ ಬರೆದಿದೆಯೇ, ಎಎಸ್‌ವಿ ಕೊಡಲು ಕಾರಣ ಬರೆದಿದೆಯೇ, ರಿಯಾಕ್ಷನ್ ಆದವರಿಗೆ ಮೊದಲ ಔಷಧ ಅಡ್ರಿನಲಿನ್ನೇ, ಆರು ಗಂಟೆಗೆ ಪರೀಕ್ಷೆ ಮರಳಿ ಆಗಿದೆಯೇ. ಬರೆಯದೇ ಇದ್ದರೆ ಆಗಿಲ್ಲವೆಂದೇ ಎಣಿಸಿ. ಎಣಿಸುವ ಕೆಲಸವನ್ನು ಇಬ್ಬರು ಕಿರಿಯ ವೈದ್ಯರಿಗೆ ಒಪ್ಪಿಸಿ. ವೈದ್ಯರ ಹೆಸರುಗಳನ್ನು ಎಲ್ಲಿಯೂ ಹೇಳದೆ, ಅಂಕಿಗಳನ್ನಷ್ಟೇ ಮುಂದಿನ ಸಭೆಯಲ್ಲಿ ಅವರೇ ಮಂಡಿಸಲಿ. ಹೆಸರು ಹೊರಬಂತೋ, ಮುಂದಿನ ಸಲ ಕೇಸ್‌ಶೀಟುಗಳಲ್ಲಿ ನಿಜವೇ ಇರುವುದಿಲ್ಲ.

ಇಪ್ಪತ್ತು ಸಣ್ಣ ಸಂಖ್ಯೆ. ಒಂದೆರಡು ಕೇಸಿನ ಏರಿಳಿತಕ್ಕೆ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಹನ್ನೆರಡು ಕಡೆ ಇದ್ದ ಕೊರತೆ ನಾಲ್ಕಕ್ಕೆ ಇಳಿದರೆ ಅದು ಗಮನಿಸಬೇಕಾದ ಬದಲಾವಣೆ.

ಅಂಕಿ ಹಾಗೇ ಉಳಿದಿದ್ದರೆ ಅದೇ ಪಾಠವನ್ನು ಇನ್ನೊಮ್ಮೆ ಇಡಬೇಡಿ. ರಾತ್ರಿ ಹತ್ತರ ಮೇಲೆ ಕ್ಯಾಶುವಲ್ಟಿಗೆ ಹೋಗಿ ನೋಡಿ: ಹೊಸ ಗಾಜಿನ ಟ್ಯೂಬು ಕೈಗೆ ಸಿಗುವಂತಿದೆಯೇ, ಇಲ್ಲ ಲ್ಯಾಬಿನ ಬೀಗದೊಳಗಿದೆಯೇ, ಅಡ್ರಿನಲಿನ್ ಎಮರ್ಜೆನ್ಸಿ ಟ್ರೇಯಲ್ಲಿದೆಯೇ, ಆರು ಗಂಟೆಯ ಪರೀಕ್ಷೆಯ ನೆನಪು ಡ್ಯೂಟಿ ಬದಲಾಗುವಾಗ ಮುಂದಿನ ನರ್ಸ್‌ಗೆ ದಾಟುತ್ತಿದೆಯೇ. ಬಿಚ್ಚದ ಟ್ಯೂಬಿನ ಪೊಟ್ಟಣವೊಂದನ್ನು ಎಎಸ್‌ವಿ ಇಡುವ ಫ್ರಿಜ್ಜಿನ ಪಕ್ಕಕ್ಕೇ ಕಟ್ಟಿಸಿ, ಮುಂದಿನ ಇಪ್ಪತ್ತು ಕೇಸ್‌ಶೀಟು ಎಣಿಸಿ.